ಹಿತ್ತಿಲಿನ ಲೆಕ್ಕ ಒಂದು ಮಳೆಗಾಲಕ್ಕೆ ಮುಗಿಯುವುದಿಲ್ಲ



ಹೋದ ಮೇ ತಿಂಗಳಲ್ಲಿ ಮೈಲುತುತ್ತ ತರಲೆಂದು ನಮ್ಮ ಸಂಘದ ಗೋದಾಮಿಗೆ ಹೋಗಿದ್ದೆ. ಸರತಿಯಲ್ಲಿ ನಿಂತಿದ್ದ, ವಯಸ್ಸಿನಲ್ಲಿ ನನಗಿಂತ ಬಹಳ ಕಿರಿಯರಾದ ಸದಸ್ಯರೊಬ್ಬರು, "ಈ ಸಲ ಹಿತ್ತಿಲನ್ನೂ ತೆಗೆದು ಅಡಿಕೆ ಹಾಕಿಬಿಟ್ಟೆ ಮಾರಾಯ್ರೇ. ಹೋದ ಮಳೆಗೆ ಸೌತೆಬಳ್ಳಿಯೆಲ್ಲ ಕೊಳೆತುಹೋಯಿತು. ಉಳಿದದ್ದನ್ನು ಮಂಗ ತಿಂದವು. ವ್ಯಾನಿನವನು ವಾರಕ್ಕೆ ಎರಡು ಸಲ ಮನೆಬಾಗಿಲಿಗೇ ತರಕಾರಿ ತರುತ್ತಾನೆ. ಯಾರಿಗೆ ಬೇಕು ಈ ರಗಳೆ?" ಎಂದರು. ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು. ನಾನು ಮಾತನಾಡಲಿಲ್ಲ. ಮಾತನಾಡದಿದ್ದುದಕ್ಕೆ ಕಾರಣವಿದೆ. 2014ರಲ್ಲಿ ಅದೇ ಗೋದಾಮಿನ ಜಗಲಿಯಲ್ಲಿ ನಿಂತು, ಹೆಚ್ಚುಕಡಿಮೆ ಅದೇ ಮಾತನ್ನು ಆಡಿದವನು ನಾನೇ.

ಅಂದು ಬಾಯಿಗೆ ಬಾರದ ಮಾತನ್ನು ಈಗ ನಮ್ಮ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಾನು ಕೃಷಿ ಪಂಡಿತನಲ್ಲ. ಕೊಪ್ಪ ತಾಲ್ಲೂಕಿನ ಒಂದು ಮೂಲೆಯಲ್ಲಿ ಎರಡು ಎಕರೆ ಅಡಿಕೆ, ಮೂರು ಎಕರೆ ಕಾಫಿ ಇಟ್ಟುಕೊಂಡು ಬದುಕುವವನು. ಆದರೆ ಹಿತ್ತಿಲನ್ನು ಕಳೆದುಕೊಂಡು, ಅದರ ಬೆಲೆ ತಿಳಿದು, ಮತ್ತೆ ಕಟ್ಟಿಕೊಂಡವನು. ಆದ್ದರಿಂದ ಈ ವಿಷಯದಲ್ಲಿ ಎರಡು ಮಾತು ಹೇಳುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ನಾನು ಮಾಡಿದ ಕೆಲಸ

2014ರಲ್ಲಿ ಕೆಂಪಡಿಕೆಯ ಧಾರಣೆ ಏರಿದ್ದು ಎಲ್ಲರಿಗೂ ನೆನಪಿರಬಹುದು. ಗದ್ದೆಗಳು ತೋಟವಾದವು, ಕಣಗಳು ತೋಟವಾದವು, ಕೆಲವರ ಮನೆಯಂಗಳದಂಚಿಗೂ ಅಡಿಕೆ ಸಸಿ ಬಂತು. ನಮ್ಮ ಮನೆಯ ಹಿಂದೆ ಮೂರು ಗುಂಟೆ ಹಿತ್ತಿಲಿತ್ತು. ಒಂದು ಗುಂಟೆಯೆಂದರೆ 1089 ಚದರಡಿ. ಒಂಬತ್ತಡಿಗೆ ಒಂದರಂತೆ ಹಾಕಿದರೆ ಮೂರು ಗುಂಟೆಗೆ 40 ಸಸಿ ಹಿಡಿಯುತ್ತದೆ. ಕಾಗದದ ಮೇಲೆ ಹೀಗೆ ಲೆಕ್ಕ ಹಾಕಿ, ತೊಂಡೆ ಚಪ್ಪರ ಕಿತ್ತು, ಸೌತೆ ಓಳಿ ಸಮಮಾಡಿ ಸಸಿ ನೆಟ್ಟೆ. ನಮ್ಮ ತಾಯಿಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಬೇಡ ಎನ್ನಲಿಲ್ಲ. "ಬಚ್ಚಲ ಪಕ್ಕದ ಬಸಳೆ ಒಂದನ್ನು ಬಿಡು" ಎಂದಷ್ಟೇ ಹೇಳಿದರು. ಬಿಟ್ಟೆ.

ಆ ಹಿತ್ತಿಲಿನಲ್ಲಿ ಅವರು ಮದುವೆಯಾಗಿ ಬಂದಂದಿನಿಂದ ಬೆಳೆಸಿಕೊಂಡು ಬಂದ ಒಂದು ಸಾಂಬಾರು ಸೌತೆಯ ತಳಿಯಿತ್ತು. ಸಾಗರದ ಕಡೆಯವರು ಇದನ್ನು ಮೊಗೆಕಾಯಿ ಎನ್ನುತ್ತಾರೆ. ಮಳೆ ಹಿಂತೆಗೆಯುವಾಗ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ನೇತುಹಾಕಿದರೆ ಯುಗಾದಿಯವರೆಗೂ ಕೆಡುತ್ತಿರಲಿಲ್ಲ. ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸಗಣಿಯಲ್ಲಿ ಕಲಸಿ ಒಲೆಮನೆಯ ಗೋಡೆಗೆ ಬಳಿದಿಡುತ್ತಿದ್ದರು. ಓಳಿಯೇ ಇಲ್ಲದ ಮೇಲೆ ಬೀಜ ಬಿತ್ತುವುದೆಲ್ಲಿ? ಗೋಡೆಯ ಮೇಲೆ ಆ ಬೀಜ ವರ್ಷದ ಮೇಲೆ ವರ್ಷ ಒಣಗುತ್ತಾ ಕುಳಿತಿತು. ನಾನು ಅದನ್ನು ನೋಡಿಯೂ ನೋಡದವನಂತಿದ್ದೆ.

ಮುಂದಿನ ಕಥೆಯನ್ನು ಹೇಳುವ ಮೊದಲು, ಹಿತ್ತಿಲನ್ನು ನಾವು ಬಿಡುವುದೇಕೆಂಬುದನ್ನು ಸ್ವಲ್ಪ ಯೋಚಿಸೋಣ.

ಮೂರು ಕಾಲ, ಮೂರು ಕೊರತೆ

ಮಲೆನಾಡಿನಲ್ಲಿ ತರಕಾರಿ ಬೆಳೆಯುವುದು ಸುಲಭವೆಂದು ಯಾರಾದರೂ ಹೇಳಿದರೆ ಅವರು ಮಲೆನಾಡಿನಲ್ಲಿ ಒಂದು ವರ್ಷ ಪೂರ್ತಿ ಇದ್ದವರಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ನೀರಿದೆ, ಬಿಸಿಲಿಲ್ಲ. ಚಳಿಗಾಲದಲ್ಲಿ ಬಿಸಿಲಿದೆ, ಕೆಲಸಕ್ಕೆ ಕೈಯಿಲ್ಲ. ಬೇಸಿಗೆಯಲ್ಲಿ ಕೈಗೆ ಬಿಡುವಿದೆ, ಬಾವಿಯಲ್ಲಿ ನೀರಿಲ್ಲ. ಪ್ರತಿಯೊಂದು ಕಾಲವೂ ಏನನ್ನಾದರೂ ಕೊಟ್ಟು ಇನ್ನೇನನ್ನೋ ಕಸಿದುಕೊಳ್ಳುತ್ತದೆ. ನಾವು ಕಸಿದುಕೊಂಡ ಕಾಲದಲ್ಲಿ ನಿಂತು ಹಿತ್ತಿಲಿನ ಬೆಲೆ ಕಟ್ಟುತ್ತೇವೆ. ನಮ್ಮ ತಪ್ಪು ಇಲ್ಲಿರುವುದು.

ಮೊದಲು ಮಳೆಗಾಲವನ್ನೇ ತೆಗೆದುಕೊಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಆಸುಪಾಸಿನ ನಮಗೂ ಅದರ ಪಾಲು ಸಿಗದಿರುವುದಿಲ್ಲ. ಭರಣಿ, ಕೃತ್ತಿಕೆಯ ಮಳೆಗೆ ಓಳಿ ಎತ್ತರಿಸಿ, ಸುಡುಮಣ್ಣು ಬೆರೆಸಿ ಸೌತೆ, ಹೀರೆ, ಹಾಗಲ, ಬೆಂಡೆ ಬಿತ್ತಿದವರಿಗೆ ಆರಿದ್ರೆಯ ಹೊತ್ತಿಗೆ ಬಳ್ಳಿ ಚಪ್ಪರ ಹತ್ತಿರುತ್ತದೆ. ತೋಟದ ಕೆಲಸ ಮುಗಿಯಲಿ ಎಂದು ಮೃಗಶಿರದವರೆಗೆ ತಡಮಾಡಿದರೆ ಎಳೆಯ ಬಳ್ಳಿ ನೆಲದಲ್ಲಿರುವಾಗಲೇ ದೊಡ್ಡ ಮಳೆ ಹಿಡಿದು ಬುಡ ಕೊಳೆಯುತ್ತದೆ. ಗೋದಾಮಿನಲ್ಲಿ ಸಿಕ್ಕ ಸ್ನೇಹಿತರ ಬಳ್ಳಿ ಕೊಳೆತದ್ದು ಹೀಗೆಯೇ ಇರಬೇಕೆಂದು ನನ್ನ ಊಹೆ. ಏಕೆಂದರೆ ನನ್ನದೂ ಹಾಗೆಯೇ ಕೊಳೆತಿದೆ.

ಹದದಲ್ಲಿ ಬಿತ್ತಿದರೂ ಪಾರಾಗಬೇಕಾದ ಕಂಟಕಗಳು ಬೇರೆ ಇವೆ. ಎರಡೆಲೆಯಾಗುವಾಗ ಕೆಂಪು ದುಂಬಿ ಬಂದು ಎಲೆಯನ್ನು ಜರಡಿ ಮಾಡುತ್ತದೆ. ಬೆಳಗಿನ ಪಸೆ ಆರುವ ಮೊದಲು ಒಲೆಯ ಬೂದಿ ಉದುರಿಸುವುದು ಹಳೆಯ ಉಪಾಯ. ಮಳೆ ಬಂದರೆ ತೊಳೆದುಹೋಗುತ್ತದೆ, ಮತ್ತೆ ಉದುರಿಸಬೇಕು. ಕಾಯಿ ಹಿಡಿದ ಮೇಲೆ ಹಣ್ಣುನೊಣ ಚುಚ್ಚುತ್ತದೆ. ಚುಚ್ಚಿದ ಕಾಯಿಯನ್ನು ಅಲ್ಲಿಯೇ ಬಿಸಾಡುವುದು ನಾವೆಲ್ಲರೂ ಮಾಡುವ ತಪ್ಪು. ಅದರೊಳಗಿನ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಕೊಳೆತ ಕಾಯಿಯನ್ನು ಆರಿಸಿ ಆಳವಾಗಿ ಹೂಳಬೇಕು, ಇಲ್ಲವೇ ಕುದಿನೀರಿಗೆ ಹಾಕಬೇಕು. ಬಸವನಹುಳುವಿನ ಕಾಟವಿರುವಲ್ಲಿ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ರಾತ್ರಿ ಅಲ್ಲಿ ಸೇರುತ್ತವೆ. ಬೆಳಿಗ್ಗೆ ಆರಿಸಿ ಉಪ್ಪುನೀರಿಗೆ ಹಾಕಿದರಾಯಿತು.

ಅಡಿಕೆಗೆ ಔಷಧಿ ಹೊಡೆಯುವ ದಿನಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮೇ ಕೊನೆಯಲ್ಲೋ ಜೂನಿನಲ್ಲೋ ಒಂದು ಸಲ, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಬೋರ್ಡೋ ಹೊಡೆಯುತ್ತೇವಷ್ಟೆ. ತೋಟ ಹಿತ್ತಿಲಿಗೆ ತಾಗಿಕೊಂಡಿದ್ದರೆ ಗಾಳಿಗೆ ಅದರ ಹನಿ ಸೊಪ್ಪಿನ ಮೇಲೂ ಬೀಳುತ್ತದೆ. ಹಿಂದಿನ ದಿನವೇ ಬೇಕಾದ ಸೊಪ್ಪು ಕೊಯ್ದಿಟ್ಟುಕೊಂಡು, ಆಮೇಲೆ ಹೊಸ ಚಿಗುರು ಬರುವವರೆಗೆ ಕೈಹಾಕದಿರುವುದು ಮೇಲು.

ಇಷ್ಟೆಲ್ಲಾ ಮಾಡಿದರೂ ಪುನರ್ವಸುವಿನಿಂದ ಆಶ್ಲೇಷದವರೆಗೆ ಹಿತ್ತಿಲು ಕೈಬರಿ. ಆ ಆರು ವಾರ ಬಿಸಿಲಿಲ್ಲದೆ ಹೂ ಉದುರುತ್ತದೆ, ಹರಿವೆ ಬೆಳೆಯದೆ ನಿಲ್ಲುತ್ತದೆ. ಹಿಂದಿನವರು ಇದನ್ನು ತಿಳಿದೇ ಕೆಸುವನ್ನು ಕಾಲುವೆಯ ಬದಿಯಲ್ಲಿ ಬಿಟ್ಟಿದ್ದರು. ಪತ್ರೊಡೆ, ಕಳಲೆ ಪಲ್ಯ, ಹಲಸಿನ ಬೀಜದ ಹುಳಿ ಇವೆಲ್ಲ ನಾಲಿಗೆಯ ಚಪಲಕ್ಕೆ ಹುಟ್ಟಿದ ಅಡಿಗೆಗಳಲ್ಲ, ಹಿತ್ತಿಲು ಸೋತ ದಿನಗಳಿಗೆಂದು ಹುಟ್ಟಿದವು. ಮಘೆ ಕಳೆದು ಬಿಸಿಲು ಇಣುಕಿದ ಮೇಲೆ, ಗೌರಿ ಹಬ್ಬದ ಸುಮಾರಿಗೆ, ಅದೇ ಬಳ್ಳಿಗಳಲ್ಲಿ ಹಂಚಿ ಮುಗಿಯದಷ್ಟು ಕಾಯಿ. ಆಷಾಢದಲ್ಲಿ ಬಳ್ಳಿ ಕಿತ್ತು ಬಿಸಾಡಿದವನಿಗೆ ಭಾದ್ರಪದದ ಕಾಯಿ ಕಾಣುವುದಿಲ್ಲ.

ಇನ್ನು ಚಳಿಗಾಲ. ತರಕಾರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ನೆಲದಲ್ಲಿ ತೇವವಿರುತ್ತದೆ, ಬಿಸಿಲು ಹದವಾಗಿರುತ್ತದೆ, ಕಳೆ ಕಡಿಮೆ. ಬದನೆ, ಮೂಲಂಗಿ, ಅವರೆ, ನವಿಲುಕೋಸು, ಕೊತ್ತಂಬರಿ ಎಲ್ಲವೂ ಬರುತ್ತವೆ. ಆದರೆ ಅದೇ ಸಮಯಕ್ಕೆ ಅಡಿಕೆ ಕೊಯ್ಲು, ಅದೇ ಸಮಯಕ್ಕೆ ಅರೇಬಿಕಾ ಹಣ್ಣು. ಹಗಲಿಗೆ ಕೊಯ್ಲು, ರಾತ್ರಿಗೆ ಅಡಿಕೆ ಸುಲಿತ. ಕೊನೆಗಾರ ಸಿಕ್ಕಿದ ದಿನ ಮನೆಯಲ್ಲಿ ಯಾರೂ ಬದನೆ ಪಾತಿಗೆ ನೀರು ಬಿಡುವುದಿಲ್ಲ. ತಂದ ಬೀಜದ ಪೊಟ್ಟಣ ಗೂಡಿನಲ್ಲೇ ಕುಳಿತು ಶಿವರಾತ್ರಿಗೆ ಕಣ್ಣಿಗೆ ಬೀಳುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಒಂದೇ. ಉತ್ತರೆ ಮಳೆಯಲ್ಲಿ ಬದನೆಯ ಮಡಿ ಮಾಡುವುದು, ನವರಾತ್ರಿ ಕಳೆಯುವುದರೊಳಗೆ ಚಳಿಗಾಲದ ಬಿತ್ತನೆ ಮುಗಿಸುವುದು. ಕೊಯ್ಲು ಹಿಡಿಯುವ ಹೊತ್ತಿಗೆ ಗಿಡಗಳು ತಮ್ಮ ಕಾಲ ಮೇಲೆ ನಿಂತಿರಬೇಕು. ಬುಡಕ್ಕೆ ದರಗು ದಪ್ಪಗೆ ಹಾಸಿಬಿಟ್ಟರೆ ವಾರಕ್ಕೆರಡು ನೀರು ಸಾಕು. ಬದನೆಗೆ ಸೊರಗು ರೋಗ ಬಂದ ಪಾತಿಯಲ್ಲಿ ಮರುವರ್ಷ ಬದನೆ, ಟೊಮೇಟೊ, ಮೆಣಸು ಯಾವುದನ್ನೂ ಹಾಕಬಾರದು, ಮೂರೂ ಒಂದೇ ಕುಲ. ಕಸಿ ಕಟ್ಟಲು ಬರುವವರು ಸುಂಡೆ ಗಿಡದ ಮೇಲೆ ಬದನೆಯನ್ನು ಕಟ್ಟಿ ಈ ರೋಗದಿಂದ ಪಾರಾಗುತ್ತಾರೆ. ಕಾಳುಮೆಣಸಿನ ಕಸಿ ಕಟ್ಟುವ ಕೈಗೆ ಇದು ಕಷ್ಟವಲ್ಲ.

ಬೇಸಿಗೆಯ ಮಾತು ಎಲ್ಲರಿಗೂ ಗೊತ್ತು. ರೊಬಸ್ಟಾ ಕೊಯ್ಲು ಮುಗಿದು ಕೈಗೆ ಬಿಡುವಾಗುವ ಹೊತ್ತಿಗೆ ಬಾವಿಯ ತಳ ಕಾಣುತ್ತದೆ. ಇದ್ದ ನೀರು ಮೊದಲು ಅಡಿಕೆಗೆ, ಆಮೇಲೆ ಕಾಫಿಯ ಹೂವಿಗೆ, ಕೊನೆಗೆ ಉಳಿದರೆ ಮನೆಗೆ. ಹಿತ್ತಿಲು ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಇಲ್ಲಿ ಹಿಂದಿನವರ ಬುದ್ಧಿಗೆ ನಾನು ತಲೆಬಾಗುತ್ತೇನೆ. ಅವರು ಬಸಳೆಯನ್ನು ಬಚ್ಚಲ ನೀರು ಹರಿಯುವಲ್ಲಿಯೇ ಹಾಕಿದರು, ತೊಂಡೆಯನ್ನು ಪಾತ್ರೆ ತೊಳೆಯುವ ಕಲ್ಲಿನ ಬಳಿ, ಕರಿಬೇವನ್ನು ಬಾವಿಕಟ್ಟೆಯ ಪಕ್ಕ. ಮನೆಯವರು ಮಿಂದ ನೀರಿಗೆ ಬಸಳೆ ಬದುಕುತ್ತದೆ. ಬೇಸಿಗೆಯಲ್ಲಿ ಇದಕ್ಕಿಂತ ಹೆಚ್ಚನ್ನು ಹಿತ್ತಿಲಿನಿಂದ ಕೇಳಬಾರದು. ಎರಡು ಪಾತಿ ಹರಿವೆ, ಒಂದು ಬಸಳೆ ಚಪ್ಪರ, ಒಂದು ತೊಂಡೆ ಚಪ್ಪರ ಸಾಕು. ಮಿಕ್ಕದ್ದಕ್ಕೆ ಎಳೆ ಹಲಸು, ಬಾಳೆಯ ದಿಂಡು, ಬಾಳೆ ಹೂ, ನುಗ್ಗೆ ಇವೆ.

ಎರಡು ಪರೀಕ್ಷೆಗಳು

ಈಗ ನನ್ನ ಕಥೆಗೆ ಹಿಂತಿರುಗುತ್ತೇನೆ. 2019ರ ಆಗಸ್ಟ್ ಮೊದಲ ವಾರದ ಮಳೆಯನ್ನು ಚಿಕ್ಕಮಗಳೂರು ಜಿಲ್ಲೆಯವರು ಯಾರೂ ಮರೆಯಲಾರರು. ಮೂಡಿಗೆರೆ, ಕಳಸದ ಕಡೆ ಗುಡ್ಡಗಳು ಕುಸಿದವು, ದಾರಿಗಳು ಮುಚ್ಚಿದವು. ನಮ್ಮ ಕಡೆಯೂ ವ್ಯಾನು ಬರಲಿಲ್ಲ. ವಿದ್ಯುತ್ತೂ ಇಲ್ಲ. ಹಿತ್ತಿಲಿದ್ದ ಜಾಗದಲ್ಲಿ ಐದು ವರ್ಷದ ಅಡಿಕೆ ಗಿಡಗಳು ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದವು. ಆ ಮಳೆಯಲ್ಲಿ ನಲವತ್ತರಲ್ಲಿ ಹನ್ನೊಂದು ಸತ್ತವು. ಮನೆಯಲ್ಲಿ ಅಕ್ಕಿಯಿತ್ತು, ಬೇಳೆಯಿತ್ತು, ಅಟ್ಟದ ಕೆಳಗೆ ನೇತಾಡುವ ಸೌತೆ ಮಾತ್ರ ಇರಲಿಲ್ಲ. ಆ ವಾರವೆಲ್ಲ ಕೆಸು ತಿಂದೆವು. ಅದೂ ಪಕ್ಕದ ಮನೆಯವರ ಕಾಲುವೆಯದು.

ಏಳು ತಿಂಗಳು ಕಳೆದು ಎರಡನೆಯ ಪರೀಕ್ಷೆ ಬಂತು. 2020ರ ಮಾರ್ಚ್ 25ರಂದು ಯುಗಾದಿ. ಅದೇ ದಿನದಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಸಂತೆ ನಿಂತಿತು. ಹಬ್ಬದ ದಿನ ನಮ್ಮ ಎಲೆಯ ಮೇಲೆ ಬಡಿಸಿದ ತರಕಾರಿ ಎರಡೇ: ಎಳೆ ಹಲಸಿನ ಪಲ್ಯ, ಬಸಳೆಯ ಹುಳಿ. ಹಲಸು ದೇವರು ಕೊಟ್ಟದ್ದು. ಬಸಳೆ, ನಮ್ಮ ತಾಯಿಯವರು "ಅದೊಂದನ್ನು ಬಿಡು" ಎಂದು ಕೇಳಿ ಉಳಿಸಿಕೊಂಡದ್ದು. ಊಟದ ಹೊತ್ತಿಗೆ ಅವರು ಹಳೆಯದೇನನ್ನೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಆ ವರ್ಷ ಮೇ ತಿಂಗಳಲ್ಲಿ, ಸತ್ತ ಹನ್ನೊಂದು ಗಿಡಗಳ ಜಾಗವನ್ನೂ ಅದಕ್ಕೆ ತಾಗಿದ ಹಳೆಯ ಕಣದ ಅಂಚನ್ನೂ ಸೇರಿಸಿ ಒಂದು ಗುಂಟೆಗೆ ಬೇಲಿ ಕಟ್ಟಿದೆ. ಗೋಡೆಯ ಸಗಣಿಯನ್ನು ನೆನೆಸಿ ಸೌತೆಯ ಬೀಜ ಬಿಡಿಸಿ ಬಿತ್ತಿದೆವು. ಆರು ವರ್ಷ ಕಳೆದ ಬೀಜ. ಒಂದೂ ಹುಟ್ಟಲಿಲ್ಲ. ನಾನು ಪೇಟೆಯಿಂದ ಬೇರೆ ಬೀಜ ತರುತ್ತೇನೆಂದೆ. ತಾಯಿಯವರು ಆ ದಿನ ಮೊದಲ ಸಲ ನೇರವಾಗಿ ಒಂದು ಮಾತು ಹೇಳಿದರು: "ಅಡಿಕೆ ಸಸಿ ಯಾವಾಗ ಬೇಕಾದರೂ ಸಿಗುತ್ತೆ ಮಗಾ. ಅದು ಸಿಗಲ್ಲ."

ಕೊನೆಗೆ ಸಿಕ್ಕಿತು. ಎಷ್ಟೋ ವರ್ಷಗಳ ಹಿಂದೆ ಅವರು ಆ ಬೀಜವನ್ನು ಕಳಸದ ಕಡೆ ಕೊಟ್ಟ ತಮ್ಮ ತಂಗಿಗೆ ಒಂದು ಹಿಡಿ ಕಟ್ಟಿಕೊಟ್ಟಿದ್ದರಂತೆ. ಚಿಕ್ಕಮ್ಮನ ಮನೆಯಲ್ಲಿ ಅದು ತಪ್ಪದೆ ಬೆಳೆಯುತ್ತ ಬಂದಿತ್ತು. 2021ರ ಮಳೆಗೆ ಮತ್ತೆ ನಮ್ಮ ಓಳಿಗೆ ಬಂತು. ನಮ್ಮ ಮನೆಯ ಬೀಜ ಉಳಿದದ್ದು ನಾವು ಕಾಪಾಡಿದ್ದರಿಂದಲ್ಲ, ಕೊಟ್ಟದ್ದರಿಂದ. ಈ ಮಾತನ್ನು ದಯವಿಟ್ಟು ಗಮನದಲ್ಲಿಡಿ. ಲೇಖನದ ಕೊನೆಯಲ್ಲಿ ಇದಕ್ಕೆ ಬರುತ್ತೇನೆ.

ಲೆಕ್ಕದ ಮಾತು

ನಮ್ಮ ಪತ್ರಿಕೆಯ ಓದುಗರು ಲೆಕ್ಕವಿಲ್ಲದ ಮಾತನ್ನು ಒಪ್ಪುವವರಲ್ಲ. ಆದ್ದರಿಂದ ಲೆಕ್ಕವನ್ನೂ ಕೊಡುತ್ತೇನೆ. ಮೂರು ಗುಂಟೆಯ 40 ಮರ ಎಲ್ಲವೂ ಬದುಕಿ, ಮರಕ್ಕೆ ಎರಡು ಕಿಲೋ ಒಣ ಅಡಿಕೆಯಂತೆ ಕೊಟ್ಟರೆ ವರ್ಷಕ್ಕೆ 80 ಕಿಲೋ. ಇಂದಿನ ಧಾರಣೆಯನ್ನು ನೀವೇ ಹಾಕಿಕೊಳ್ಳಿ. ಗೊಬ್ಬರ, ಔಷಧಿ, ಕೊನೆಗಾರನ ಕೂಲಿ, ಸುಲಿತ ಕಳೆಯಿರಿ. ಇನ್ನೊಂದು ಕಡೆ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕೆಂದಿದೆ. ಐದು ಜನರ ಮನೆಗೆ ದಿನಕ್ಕೆ ಎರಡು ಕಿಲೋ, ವರ್ಷಕ್ಕೆ 730 ಕಿಲೋ. ಹಿತ್ತಿಲು ಇದರಲ್ಲಿ ಅರ್ಧ ಕೊಟ್ಟರೆ ದೊಡ್ಡದು. ಅದನ್ನು ಸಂತೆಯ ಬೆಲೆಗೆ ಗುಣಿಸಿ ನೋಡಿ.

ಅಡಿಕೆಯೇ ಗೆಲ್ಲುತ್ತದೆ. ಧಾರಣೆ ಇರುವ ವರ್ಷದಲ್ಲಿ ದೂರದಿಂದಲೇ ಗೆಲ್ಲುತ್ತದೆ. ನಾನು ಇದನ್ನು ಮುಚ್ಚಿಡುವುದಿಲ್ಲ. ಆದರೆ ಆ 80 ಕಿಲೋ ಕೈಗೆ ಬರಲು ಎಂಟು ಹತ್ತು ವರ್ಷ ಬೇಕು. ಅಷ್ಟರಲ್ಲಿ ಕೊಳೆ, ಎಲೆಚುಕ್ಕಿ, ಹಳದಿ ಎಲೆ ರೋಗ ಎಲ್ಲವನ್ನೂ ದಾಟಬೇಕು. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡ ಮನೆಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಎರಡು ಎಕರೆಯಲ್ಲಿ ಹೋದರೆ, ಹಿತ್ತಿಲಿನ ಮೂರು ಗುಂಟೆಯಲ್ಲಿಯೂ ಅದೇ ರೋಗಕ್ಕೆ ಹೋಗುತ್ತದೆ. ಎರಡು ಎಕರೆಗೆ ಮೂರು ಗುಂಟೆ ಸೇರಿಸಿದರೆ ಆದಾಯ ಸ್ವಲ್ಪ ಹೆಚ್ಚಬಹುದು, ಅಪಾಯ ಮಾತ್ರ ಹಂಚಿಹೋಗುವುದಿಲ್ಲ.

ಇನ್ನೊಂದು ಪ್ರಶ್ನೆ. ಕೊಳೆರೋಗಕ್ಕೆ ಅರ್ಧ ಫಸಲು ಉದುರಿದ ವರ್ಷ ನಾವು ಅಡಿಕೆ ಮರ ಕಡಿದೆವೇ? ಈ ಶತಮಾನದ ಆರಂಭದ ವರ್ಷಗಳಲ್ಲಿ ಕಾಫಿಯ ಧಾರಣೆ ನೆಲಕಚ್ಚಿ, ಕೊಯ್ದ ಕೂಲಿಯೂ ಹುಟ್ಟದೆ ಇದ್ದಾಗ ಕಾಫಿ ಗಿಡ ಕಿತ್ತೆವೇ? ಮುಂದಿನ ವರ್ಷ ನೋಡೋಣ ಎಂದೆವು. ಕಾಫಿಗೆ, ಅಡಿಕೆಗೆ ಹತ್ತು ವರ್ಷದ ಸರಾಸರಿ ನೋಡುವ ನಾವು ಹಿತ್ತಿಲಿಗೆ ಮಾತ್ರ ಒಂದು ಆಷಾಢದ ಲೆಕ್ಕ ನೋಡುವುದು ನ್ಯಾಯವಲ್ಲ.

ನಾನು ಈಚೆಗೆ ಒಂದು ವರ್ಷ ಪಟ್ಟಿ ಬರೆದಿಟ್ಟೆ. 52 ವಾರಗಳಲ್ಲಿ ಈರುಳ್ಳಿ, ಆಲೂಗಡ್ಡೆ ಬಿಟ್ಟು ಬೇರೇನನ್ನೂ ಕೊಳ್ಳದ ವಾರ 23. ಅರ್ಧ ಹಿತ್ತಿಲು, ಅರ್ಧ ವ್ಯಾನು ಎಂಬಂತಿದ್ದ ವಾರ 16. ಹಿತ್ತಿಲಿನಿಂದ ಏನೂ ಬಾರದ ವಾರ 13. ಆ 13ರಲ್ಲಿ ಆರು ಪುನರ್ವಸುವಿನಿಂದ ಆಶ್ಲೇಷದವರೆಗಿನವು, ನಾಲ್ಕು ಡಿಸೆಂಬರಿನ ಕೊಯ್ಲಿನವು, ಮೂರು ಏಪ್ರಿಲಿನವು. ಒಂದು ಗುಂಟೆಗೆ ಇದು ಸೋಲೋ ಗೆಲುವೋ ನೀವೇ ಹೇಳಿ. ಪಟ್ಟಿಯನ್ನು ಆಷಾಢದಲ್ಲಿ ಮಡಚಿಟ್ಟಿದ್ದರೆ ನಾನೂ ಸೋಲೆಂದೇ ಹೇಳುತ್ತಿದ್ದೆ.

ಮಂಗಗಳ ವಿಷಯಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ನಮ್ಮಲ್ಲಿ ಅವು ಕೆಸು, ಸುವರ್ಣಗೆಡ್ಡೆ, ಹಾಗಲ, ಸೂಜಿಮೆಣಸಿನ ತಂಟೆಗೆ ಬಂದದ್ದಿಲ್ಲ. ಸೌತೆಯನ್ನು ಮಾತ್ರ ಬಿಡುವುದಿಲ್ಲ. ಆದ್ದರಿಂದ ಸೌತೆ ಓಳಿಯನ್ನು ಅಡಿಗೆಮನೆಯ ಕಿಟಕಿಗೆ ಕಾಣುವಂತೆ ಮಾಡಿಕೊಂಡಿದ್ದೇವೆ, ಹಳೆಯ ಮೀನುಬಲೆ ಹೊದಿಸುತ್ತೇವೆ. ಆದರೂ ಮೂರರಲ್ಲಿ ಒಂದು ಪಾಲು ಅವುಗಳದೇ.

ಮನೆಯವರ ಮಾತು

ಈ ಲೇಖನದ ಮೊದಲ ಕರಡನ್ನು ನನ್ನ ಪತ್ನಿಗೆ ಓದಿ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, "ಹಿತ್ತಿಲು ಮಾಡಿ ಅಂತ ಬರೆಯೋರು ಗಂಡಸರು, ಕೊಡ ಹೊರೋರು ನಾವು. ಅದನ್ನೂ ಬರೀರಿ" ಎಂದಳು. ಬರೆಯುತ್ತಿದ್ದೇನೆ. ಇದುವರೆಗೆ ನಾನು ಹೇಳಿದ ಎಲ್ಲ ಆಕ್ಷೇಪಗಳಿಗಿಂತ ಇದು ದೊಡ್ಡದು.

ನಮ್ಮ ಮನೆಗಳಲ್ಲಿ ತೋಟದ ಲೆಕ್ಕಕ್ಕೆ ಪುಸ್ತಕವಿದೆ, ಸಂಘದಲ್ಲಿ ಖಾತೆಯಿದೆ. ಹಿತ್ತಿಲಿಗೆ ಯಾವ ಪುಸ್ತಕವೂ ಇಲ್ಲ. ಅಲ್ಲಿ ದುಡಿದವರ ದುಡಿಮೆ ಯಾವ ಕಲಮಿಗೂ ಬರುವುದಿಲ್ಲ. ಅದಕ್ಕೇ ಅದನ್ನು ತೆಗೆದುಹಾಕುವುದು ನಮಗೆ ಅಷ್ಟು ಸುಲಭ. ಅದಕ್ಕೇ ತೆಗೆದಾಗ ನಮ್ಮ ತಾಯಿಯವರು ಬೇಡವೆನ್ನಲಿಲ್ಲ, ಎನ್ನುವ ರೂಢಿಯೇ ಇರಲಿಲ್ಲ. ಹಿತ್ತಿಲು ಬೇಕೆನ್ನುವವರು ಬೇಲಿ ಕಟ್ಟುವುದು, ಗುಂಡಿ ತೆಗೆಯುವುದು, ಗೊಬ್ಬರ ಹೊರುವುದು, ಚಪ್ಪರ ಹಾಕುವುದು ಇಷ್ಟನ್ನಾದರೂ ತಮ್ಮ ಕೆಲಸವೆಂದು ಒಪ್ಪಬೇಕು. ತೋಟಕ್ಕೆ ಸಾವಿರಾರು ಅಡಿ ಪೈಪು ಎಳೆಯುವ ನಾವು ಹಿತ್ತಿಲಿಗೆ ಐವತ್ತಡಿ ಎಳೆದರೆ ಕೊಡ ಹೊರುವುದು ತಪ್ಪುತ್ತದೆ. ನಾನು ಎಳೆದದ್ದು ಆಕೆ ಹೀಗೆ ಹೇಳಿದ ಮೇಲೆಯೇ. ಜೊತೆಗೆ, ಹಿತ್ತಿಲಿನಲ್ಲಿ ಏನು ಹಾಕಬೇಕು, ಏನನ್ನು ಕೀಳಬೇಕು ಎಂಬ ತೀರ್ಮಾನ ಅಡಿಗೆ ಮಾಡುವವರದಾಗಿರಲಿ.

ಸಂಘಕ್ಕೊಂದು ಸಲಹೆ

ಈಗ ಬೀಜದ ಮಾತಿಗೆ ಬರುತ್ತೇನೆ. ನಮ್ಮ ಸಂಘದ ಎಲ್ಲ ಸದಸ್ಯರೂ ವರ್ಷಕ್ಕೊಮ್ಮೆ ತಪ್ಪದೆ ಬರುವ ಜಾಗ ಗೋದಾಮು. ಬರುವ ಕಾಲ ಮಳೆಗೆ ಮುಂಚೆ, ಮೈಲುತುತ್ತ ಮತ್ತು ಸುಣ್ಣಕ್ಕೆ. ಹಿತ್ತಿಲಿಗೆ ಬೀಜ ಬಿತ್ತುವ ಭರಣಿ ಕೃತ್ತಿಕೆಯ ಕಾಲವೂ ಅದೇ. ಗೋದಾಮಿನ ಜಗಲಿಯಲ್ಲಿ ಆ ಒಂದು ತಿಂಗಳು ಒಂದು ಮರದ ಪೆಟ್ಟಿಗೆ ಇಡಲಿ. ಮನೆಯಲ್ಲಿ ಹೆಚ್ಚಾದ ಬೀಜವನ್ನು ಪೊಟ್ಟಣ ಕಟ್ಟಿ, ಏನು ಬೀಜ, ಯಾವ ವರ್ಷದ್ದು, ಯಾವ ಮಳೆಗೆ ಬಿತ್ತುವುದು ಎಂದು ಬರೆದು ಅದರಲ್ಲಿ ಹಾಕಲಿ. ಬೇಕಾದವರು ಒಯ್ಯಲಿ. ಒಯ್ದವರು ಬೆಳೆದು ಮರುವರ್ಷ ಒಯ್ದದ್ದರ ಎರಡರಷ್ಟು ಹಿಂತಿರುಗಿಸಲಿ. ಇದಕ್ಕೆ ಠೇವಣಿ ಬೇಡ, ಬಡ್ಡಿ ಬೇಡ, ಠರಾವೂ ಬೇಡ. ಕಾರ್ಯದರ್ಶಿಗಳ ಒಪ್ಪಿಗೆ ಒಂದು ಸಾಕು.

ಇದರಿಂದ ನಾವು ಶ್ರೀಮಂತರಾಗುವುದಿಲ್ಲ. ಆದರೆ ಒಂದು ಮನೆಯವನು ನನ್ನ ಹಾಗೆ ಬುದ್ಧಿಗೆಟ್ಟು ಓಳಿ ಕಿತ್ತರೂ ಬೀಜ ಇನ್ನೊಂದು ಮನೆಯಲ್ಲಿ ಬದುಕಿರುತ್ತದೆ. ಸಹಕಾರವೆಂಬ ಮಾತಿಗೆ ನಾನು ತಿಳಿದ ಅರ್ಥ ಇಷ್ಟೇ.

ಗೋದಾಮಿನಲ್ಲಿ ಮಾತನಾಡಿದ ಆ ಸ್ನೇಹಿತರು ಇದನ್ನು ಓದಿದರೆ ಅವರಲ್ಲಿ ನನ್ನದೊಂದು ವಿನಂತಿ. ನೆಟ್ಟ ಸಸಿಯನ್ನು ಕೀಳಿರೆಂದು ನಾನು ಹೇಳುವುದಿಲ್ಲ. ಅಡಿಗೆಮನೆಯ ಬಾಗಿಲಿಗೆ ಹತ್ತಿರವಿರುವ ಸಾಲೊಂದನ್ನು ಬಿಟ್ಟುಕೊಡಿ. ಮುಂದಿನ ಮೇ ತಿಂಗಳಲ್ಲಿ ಮೈಲುತುತ್ತ ಒಯ್ಯಲು ಬರುವಾಗ ನನ್ನನ್ನು ಕೇಳಿ. ಪೆಟ್ಟಿಗೆ ಬಂದಿರಲಿ, ಬಾರದಿರಲಿ, ನಿಮ್ಮ ಪಾಲಿಗೆ ಒಂದು ಹಿಡಿ ಸೌತೆ ಬೀಜವನ್ನು ಬೂದಿ ಸಮೇತ ಪೊಟ್ಟಣ ಕಟ್ಟಿ ತಂದಿರುತ್ತೇನೆ. ಕೃತ್ತಿಕೆ ಕಳೆಯುವುದರೊಳಗೆ ಬಿತ್ತಿ. ಆಷಾಢದಲ್ಲಿ ಬೈಯಬೇಡಿ, ಭಾದ್ರಪದದವರೆಗೆ ಕಾಯಿರಿ.

ನನ್ನ ಅಭಿಪ್ರಾಯವನ್ನು ಒಪ್ಪದವರು ಪತ್ರಿಕೆಗೆ ಬರೆಯಲಿ. ಮಂಗಗಳಿಗೆ ಉಪಾಯ ಕಂಡುಕೊಂಡವರಂತೂ ತಪ್ಪದೆ ಬರೆಯಲಿ.

— ಒಬ್ಬ ಸದಸ್ಯ ಬೆಳೆಗಾರ